ಇಪ್ಪತ್ತೆರಡು ಗಡಿಗೆಯ ತೋಟ

ಬೀದರ ಹತ್ತಿರದ ಕೊಳಾರ ಕೈಗಾರಿಕಾ ಪ್ರದೇಶದ ಒಂದು ಬೇಳೆ ಮಿಲ್ಲಿನಲ್ಲಿ ಗುರುವಾರ ಮಧ್ಯಾಹ್ನ ಊಟದ ಹೊತ್ತಿಗೆ ನೋಟಿಸು ಅಂಟಿಸಿದರು. ದೊಡ್ಡ ಯಂತ್ರದ ರೋಲರುಗಳನ್ನು ಬಿಚ್ಚಿ ಹೈದರಾಬಾದಿಗೆ ಕಳಿಸುವುದಿತ್ತು. ಭಾನುವಾರದಿಂದ ಶುಕ್ರವಾರದವರೆಗೆ ಆರು ದಿನ ಮಿಲ್ಲು ಬಂದ್. ಪಗಾರಕ್ಕೆ ಕತ್ತರಿ ಇಲ್ಲ. ಪ್ಯಾಕಿಂಗ್ ವಿಭಾಗದ ಹೆಂಗಸರು ಚಪ್ಪಾಳೆ ತಟ್ಟಿ ಕುಣಿದರು. ಮೇ ತಿಂಗಳ ಉರಿಯಲ್ಲಿ ಆರು ದಿನ ಮನೆಯ ನೆರಳು ಅಂದರೆ ಯಾರಿಗೆ ಬೇಡ?

ಕರುಣಾ ಮಾತ್ರ ನೋಟಿಸನ್ನು ಎರಡು ಸಲ ಓದಿ, "ಮತ್ತ ನೀರು?" ಅಂದಳು.

ಚಪ್ಪಾಳೆ ನಿಂತಿತು. ಎಲ್ಲರ ಮುಖವೂ ಮಿಲ್ಲಿನ ಹಿಂಭಾಗದ ಕಡೆಗೆ ತಿರುಗಿತು.

ಗೋದಾಮಿಗೂ ಕಾಂಪೌಂಡ್ ಗೋಡೆಗೂ ನಡುವೆ ಮೂವತ್ತು ಹೆಜ್ಜೆ ಉದ್ದದ ಒಂದು ಪಟ್ಟಿ ಜಾಗವಿತ್ತು. ಕ್ಯಾಂಟೀನಿನಲ್ಲಿ ಅರವತ್ತು ಮಂದಿ ಕೈ ತೊಳೆದ ನೀರು ಅಲ್ಲಿ ಸುಮ್ಮನೆ ಹರಿದು ಕೆಸರಾಗುತ್ತಿತ್ತು. ಫೆಬ್ರವರಿಯಲ್ಲಿ ಕರುಣಾ ಆ ಕೆಸರಿನ ಅಂಚಿಗೆ ನಾಲ್ಕು ಬದನೆ ಸಸಿ ನೆಟ್ಟಳು. ಅವು ಚಿಗುರಿದ್ದನ್ನು ನೋಡಿ ಒಬ್ಬಳು ಬೆಂಡೆ ಬೀಜ ತಂದಳು, ಇನ್ನೊಬ್ಬಳು ಚವಳಿಕಾಯಿ ಬೀಜ ತಂದಳು, ಮತ್ತೊಬ್ಬಳು ಹೀರೆ ಬಳ್ಳಿ ಹಬ್ಬಿಸಿದಳು. ಟೊಮ್ಯಾಟೊ, ಮೆಂತ್ಯವೂ ಬಂದು ಸೇರಿದವು. ಮಿಲ್ಲಿನ ಕಾವಲುಗಾರ ಕಾಶೀನಾಥ ಔರಾದ ಕಡೆಯ ಕುರಿ ಸಾಕುವ ಮನೆತನದವನು. ಊರಿಗೆ ಹೋದಾಗಲೆಲ್ಲ ಮೋಟಾರ್ ಸೈಕಲ್ಲಿನ ಹಿಂದೆ ಒಂದು ಚೀಲ ಕುರಿ ಹಿಕ್ಕೆ ಕಟ್ಟಿಕೊಂಡು ಬರುತ್ತಿದ್ದ. ಮಾರ್ಚಿನ ಹೊತ್ತಿಗೆ ಅದು ತೋಟವೇ ಆಗಿಬಿಟ್ಟಿತ್ತು.

ಏಪ್ರಿಲ್ ಬಂತು, ಟೊಮ್ಯಾಟೊ ಹೂವೆಲ್ಲ ಉದುರಿತು. ಹೆಂಗಸರು ಸೋಲಲಿಲ್ಲ. ದಿನವಿಡೀ ಬೇಳೆ ಚೀಲ ಹೊಲಿಯುವ ಕೈಗಳು ಅವು. ಹರಿದ ಬಿಳಿ ಚೀಲಗಳನ್ನು ಬಿಚ್ಚಿ, ಒಂದಕ್ಕೊಂದು ಹೊಲಿದು, ತೊಗರಿ ಕಟ್ಟಿಗೆಯ ಮೇಲೆ ಚಪ್ಪರ ಹಾಕಿದರು. ಪೂರ್ವಕ್ಕೆ ತೆರೆದು, ಪಡುವಣಕ್ಕೆ ಇಳಿಬಿಟ್ಟರು. ಬೆಳಗಿನ ಎಳೆ ಬಿಸಿಲು ಸಿಗಬೇಕು, ಮಧ್ಯಾಹ್ನದ್ದು ತಾಗಬಾರದು. ಮಿಲ್ಲಿನ ಹೊಟ್ಟನ್ನು ಬುಡಗಳಿಗೆ ನಾಲ್ಕು ಬೆರಳು ದಪ್ಪ ಹರಡಿದರು. ಬದನೆ ಹೂ ಬಿಟ್ಟಿತು, ಚವಳಿಕಾಯಿ ಗೊಂಚಲು ಹಿಡಿಯಿತು. ಇನ್ನು ಹತ್ತು ದಿನ ದಾಟಿದರೆ ಮೊದಲ ಕೊಯ್ಲು.

ಆದರೆ ಮಿಲ್ಲು ಮುಚ್ಚಿದರೆ ಮೇನ್ ಸ್ವಿಚ್ಚೂ ಬಂದ್, ಬೋರೂ ಬಂದ್. ಕೈ ತೊಳೆಯುವವರೇ ಇಲ್ಲ.

"ಆರು ದಿನ ನೀರಿಲ್ಲಂದ್ರ ಹಪ್ಪಳ ಆಗ್ತಾವ ನೋಡು," ಅಂದಳು ಸಪನಾ, ಕರುಣಾಳ ಜೋಡಿ ಒಂದೇ ಮೇಜಿನಲ್ಲಿ ಕೆಲಸ ಮಾಡುವವಳು.

ಆಗ ಖತೀಜಾ ಬೇಗಂ ಬಾಯಿ ತೆರೆದಳು. ಆ ವಿಭಾಗದಲ್ಲಿ ಎಲ್ಲರಿಗಿಂತ ಹಿರಿಯಳು ಅವಳು, ಎಲ್ಲರಿಗೂ ಆಪಾ.

"ನಮ್ಮ ಅತ್ತಿ ಲಿಂಬಿ ಗಿಡದ ಬುಡಕ್ಕ ಗಡಗಿ ಹೂಳ್ತಿದ್ಲು. ನೀರು ತುಂಬಿ ಬಾಯಿ ಮುಚ್ಚಿಬಿಟ್ರ ಬೇರು ತಾನೇ ಕುಡ್ಕೋತಾವ. ನಿಮ್ಮ ನಿಮ್ಮ ಮನ್ಯಾಗ ಹೋದ ವರ್ಷದ ಹಳೀ ಗಡಗಿ ಇರ್ತಾವಲ್ಲ, ತಗೊಂಡ್ ಬರ್ರಿ."

"ಹಳೀವು ಜಿನುಗೂದಿಲ್ಲ, ಆಪಾ," ಅಂದಳು ಸಪನಾ. "ಜಿನುಗಿದ್ರ ನಾವ್ಯಾಕ ಮೂಲಿಗಿ ಇಡ್ತಿದ್ವಿ?"

"ತಳಕ್ಕ ಮೊಳಿಲೆ ತೂತು ಹೊಡೀರಿ. ಹಳೀ ಲುಂಗಿ ಬತ್ತಿ ಮಾಡಿ ಬಿಗಿ ತುರುಕ್ರಿ. ಹನಿಹನಿ ಇಳೀತದ."

ಶುಕ್ರವಾರ ಬೆಳಿಗ್ಗೆ ಕೊಳಾರದ ಬಸ್ಸಿನಲ್ಲಿ ಗಡಿಗೆಗಳ ಮೆರವಣಿಗೆ! ಕಂಡಕ್ಟರ್ ತಲೆ ಚಚ್ಚಿಕೊಂಡ. ಎರಡು ಒಡೆದವು, ಇಪ್ಪತ್ಮೂರು ಉಳಿದವು. ಊಟದ ಬಿಡುವಿನಲ್ಲಿ ಹೆಂಗಸರು ಸೀರೆ ಕಚ್ಚೆ ಹಾಕಿ ಮಣ್ಣು ಅಗೆದರು. ಕಾಶೀನಾಥ ಮೊಳೆ ಹಿಡಿದು ಕೂತು ಒಂದೊಂದು ತಳಕ್ಕೂ ಉಸಿರು ಬಿಗಿಹಿಡಿದು ತೂತು ಹೊಡೆದ. ಶನಿವಾರ ಸಂಜೆ ಇಪ್ಪತ್ತೆರಡು ಗಡಿಗೆ ಕುತ್ತಿಗೆಯವರೆಗೆ ಹೂತು, ನೀರು ತುಂಬಿ, ಹಂಚಿನ ಚೂರು ಮುಚ್ಚಿದರು. ಮಿಕ್ಕ ಒಂದನ್ನು ಕರುಣಾ ಕಂಕುಳಲ್ಲಿ ಇಟ್ಟುಕೊಂಡಳು.

"ಇದು ಎಲ್ಲಿಗೆ?" ಅಂದಳು ಸಪನಾ.

"ಭಾಲ್ಕಿಗಿ. ನಮ್ಮ ಆಯಿ ಅಂಗಳದಾಗ ಹೂಳ್ತೇನಿ. ಅದು ಯಾವಾಗ ಬತ್ತತದೋ, ಇವೂ ಆವಾಗೇ ಬತ್ತಿರ್ತಾವ."

ಕರುಣಾ ಬೀದರಿನಲ್ಲಿ ಬಾಡಿಗೆ ಖೋಲಿಯಲ್ಲಿ ಇರುವವಳು. ಆರು ದಿನದ ರಜೆಗೆ ತವರಿಗೆ ಹೊರಟಿದ್ದಳು. ಭಾಲ್ಕಿ ಮುಟ್ಟಿದವಳೇ ಚಪ್ಪಲಿ ಬಿಡುವ ಮೊದಲು ಕರಿಬೇವಿನ ಗಿಡದ ಬುಡದಲ್ಲಿ ಗಡಿಗೆ ಹೂತು ನೀರು ತುಂಬಿದಳು. ತಾಯಿ ಜಿಜಾಬಾಯಿ ಚಹದ ಕಪ್ಪು ಹಿಡಿದು ನೋಡುತ್ತಲೇ ನಿಂತಳು.

ಭಾನುವಾರ ಮುಚ್ಚಳ ತೆಗೆದು ಕಡ್ಡಿ ಇಳಿಸಿ ಅಳತೆ ಮಾಡಿದಳು, ನಾಲ್ಕು ಬೆರಳು ಇಳಿದಿತ್ತು. ಲೆಕ್ಕ ಸರಿಯಾಗಿತ್ತು, ಆರು ದಿನಕ್ಕೆ ಸಾಕು. ಆದರೆ ಸೋಮವಾರದಿಂದ ಬಿಸಿಗಾಳಿ ಶುರುವಾಯಿತು. ಬಾಗಿಲ ಚಿಲಕ ಮುಟ್ಟಿದರೆ ಕೈ ಸುಡುವಷ್ಟು ಕಾವು. ಮಂಗಳವಾರ ಕಡ್ಡಿಯ ತುದಿಯಷ್ಟೇ ಒದ್ದೆಯಾಯಿತು. ಬುಧವಾರ ಬೆಳಿಗ್ಗೆ ಕರುಣಾ ಗಡಿಗೆಯೊಳಗೆ ಕೈ ಹಾಕಿದಳು. ಒಣಗಿದ ತಳ!

"ಆಯಿ, ನಾ ಬೀದರಕ್ಕ ಹೋಗ್ತೇನಿ!"

"ಈ ಬಿಸಲಾಗ? ಹುಚ್ಚಿ ಆಗೀಯೇನ?"

"ಗಡಗಿ ಬತ್ಯಾದ ಆಯಿ! ಅಲ್ಲಿ ಇಪ್ಪತ್ತೆರಡೂ ಬತ್ಯಾವ!"

ಜಿಜಾಬಾಯಿ ಟವೆಲ್ಲು ನೀರಲ್ಲಿ ಅದ್ದಿ ಹಿಂಡಿ ಮಗಳ ತಲೆಗೆ ಸುತ್ತಿದಳು. ಕೈಗೆ ಎರಡು ಉಳ್ಳಾಗಡ್ಡಿ, ರೊಟ್ಟಿಯ ಗಂಟು ಕೊಟ್ಟಳು. "ಓಡು, ಒಂಬತ್ತರ ಬಸ್ಸು ತಪ್ಪತದ."

ಹನ್ನೊಂದಕ್ಕೆ ಕರುಣಾ ಮಿಲ್ಲಿನ ಗೇಟಿನ ಮುಂದಿದ್ದಳು. ಒಳಗೆ ಕುರ್ಚಿಯಲ್ಲಿ ಕಾಶೀನಾಥ ಇರಲಿಲ್ಲ. ಅವನು ಮದುವೆಗೆಂದು ಔರಾದಕ್ಕೆ ಹೋಗಿದ್ದ. ಬದಲಿಗೆ ಬಂದಿದ್ದವನು ಪಂಢರಿ ಅನ್ನುವ ಐವತ್ತರ ಗಂಭೀರ ಮನುಷ್ಯ. ಸಮವಸ್ತ್ರದ ಇಸ್ತ್ರಿ ಇನ್ನೂ ಮುರಿದಿರಲಿಲ್ಲ.

"ಯಾರನ್ನೂ ಒಳಗ ಬಿಡಬ್ಯಾಡ ಅಂತ ಬರೆದು ಕೊಟ್ಟಾರ, ಬಾಯಾರ. ನನ್ನ ನೌಕರಿ ಹೊಸಾದು."

ಮ್ಯಾನೇಜರ್ ರವಿಕಿರಣನಿಗೆ ಫೋನ್ ಮಾಡಿದಳು, ಸ್ವಿಚ್ ಆಫ್. ಕಾಶೀನಾಥನಿಗೆ ಮಾಡಿದಳು. ಆ ಕಡೆ ಬಾಜಾ ಭಜಂತ್ರಿಯ ಗದ್ದಲ. "ಪಂಢರಿ, ಅಕೀ ನಮ್ಮ ಮನಿ ಮಗಳಿದ್ದಂಗ!" ಎಂದು ಕಾಶೀನಾಥ ಕೂಗಿದ್ದು ಫೋನಿನಿಂದಾಚೆಗೂ ಕೇಳಿತು. ಪಂಢರಿ ಕೈ ಮುಗಿದ, ಆದರೆ ಬೀಗ ತೆಗೆಯಲಿಲ್ಲ.

ಕರುಣಾಗೆ ಅಳು ಬಂದಂತಾಯಿತು. ಮರುಕ್ಷಣ ಏನೋ ಹೊಳೆದು ಕಣ್ಣು ಅರಳಿದವು.

"ಬ್ಯಾಡ್ರಿ ಕಾಕಾ, ನನ್ನ ಒಳಗ ಬಿಡಬ್ಯಾಡ್ರಿ. ನೀವು ಒಳಗೇ ಅದೀರಲ್ಲ? ಹಿಂದ ಗ್ವಾಡಿ ಕಡಿ ಬರ್ರಿ!"

ರಸ್ತೆಯಾಚೆ ಚಹದಂಗಡಿಯ ನೆರಳಲ್ಲಿ ಆತೀಫ ಕೂತಿದ್ದ. ಮಿಲ್ಲಿನ ಚೀಲ ಸಾಗಿಸುವ ಗೂಡ್ಸ್ ಆಟೋದವನು. ಕರುಣಾ ವಿಷಯ ಹೇಳಿ ಮುಗಿಸುವುದರೊಳಗೆ ಅವನು ಚಹದ ಗ್ಲಾಸು ಕೆಳಗಿಟ್ಟಿದ್ದ. ಆಟೋವನ್ನು ಹಿಂದಿನ ಗೋಡೆಗೆ ಒತ್ತಿ ನಿಲ್ಲಿಸಿದ. ಕರುಣಾ ಆಟೋದ ಹಿಂದಿನ ಡಬ್ಬಿಯ ಮೇಲೆ ಹತ್ತಿ ಗೋಡೆಯಾಚೆ ಇಣುಕಿದಳು.

ಗಾಳಿಗೆ ಚಪ್ಪರದ ಪಡುವಣ ತುದಿ ಕಿತ್ತುಹೋಗಿ ಧ್ವಜದಂತೆ ಬಡಿದಾಡುತ್ತಿತ್ತು. ಆ ಬದಿಯ ಟೊಮ್ಯಾಟೊ ಗಿಡಗಳು ತಲೆ ಚೆಲ್ಲಿ ಮಲಗಿದ್ದವು. ಮೆಂತ್ಯದ ಪಾತಿ ಒಣಗಿ ಗುರುತೇ ಉಳಿದಿರಲಿಲ್ಲ. ಬದನೆ ಎಲೆಗಳು ಬಾವಲಿಯಂತೆ ಜೋತಿದ್ದವು.

"ಆತೀಫ ಭಾಯಿ, ನೀರು!"

ರಸ್ತೆ ಬದಿಯಲ್ಲಿ ಲಾರಿ ತೂಗುವ ಕಾಂಟಾದ ಹತ್ತಿರ ಒಂದು ನಲ್ಲಿಯಿತ್ತು. ಕಾಂಟಾದವನು ಬೇಡ ಅನ್ನಲಿಲ್ಲ. ನಲ್ಲಿ ತಿರುಗಿಸಿದರೆ ಚಹ ಮಾಡುವಷ್ಟು ಬಿಸಿ ನೀರು. ಆಟೋದಲ್ಲಿದ್ದ ಖಾಲಿ ಕ್ಯಾನುಗಳಲ್ಲಿ ಮೊದಲ ಎರಡನ್ನು ತುಂಬಿ ಬೇವಿನ ಗಿಡದ ನೆರಳಲ್ಲಿ ಆರಲು ಇಟ್ಟು, ತಣ್ಣಗಿನ ನೀರು ಬರುವತನಕ ಕಾಯ್ದರು. ಆಮೇಲೆ ಕ್ಯಾನು ತುಂಬುವುದು, ಆಟೋದಲ್ಲಿ ತರುವುದು, ಹಗ್ಗ ಕಟ್ಟಿ ಗೋಡೆಯಾಚೆ ಇಳಿಬಿಡುವುದು. ಆಚೆ ಪಂಢರಿ ಕಾಲರ್ ಬಿಚ್ಚಿ ನಿಂತಿದ್ದ.

"ಎಲಿಗಿ ಹಾಕಬ್ಯಾಡ್ರಿ ಕಾಕಾ, ಎಲಿ ಸುಡ್ತಾವ! ಗಡಗ್ಯಾಗಷ್ಟೇ!"

"ಗಡಗಿ ಎಲ್ಲದ ಇಲ್ಲಿ? ಬರೇ ಹೊಟ್ಟು ಕಾಣ್ತದ!"

"ಹಂಚಿನ ಚೂರು ಹುಡುಕ್ರಿ! ನಿಮ್ಮ ಬಲಗಾಲಿನ ಹತ್ರ! ಬಲ, ಬಲ!"

"ಸಿಕ್ತು!" ಪಂಢರಿಯ ದನಿ ಗೋಡೆ ದಾಟಿ ಹಾರಿತು. "ನೀರು ಕುಡೀಲಾಕತ್ಯಾದ ನೋಡ್ರಿ, ಗುಟುಗುಟು ಅಂತದ!"

ಹತ್ತನೆಯ ಗಡಿಗೆಯ ಹೊತ್ತಿಗೆ ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಹದಿನೈದನೆಯದರ ಹೊತ್ತಿಗೆ ಅವನೇ "ಜಲ್ದಿ ಬಿಡ್ರಿ, ಜಲ್ದಿ!" ಎಂದು ಆತೀಫನನ್ನು ಗದರಿಸತೊಡಗಿದ. ನಡುವೆ ಮೂವರೂ ಗೋಡೆಯ ಈಚೆ ಆಚೆ ನಿಂತು ಜಿಜಾಬಾಯಿಯ ರೊಟ್ಟಿ ಹಂಚಿಕೊಂಡು ತಿಂದರು. ಬಿಸಿಲು ಇಳಿದ ಮೇಲೆ ಪಂಢರಿ ತೊಗರಿ ಕಟ್ಟಿಗೆ ನಿಲ್ಲಿಸಿ, ಚಪ್ಪರದ ತುದಿ ಎಳೆದು, ತನ್ನ ಬೂಟಿನ ಲೇಸು ಬಿಚ್ಚಿ ಗಂಟು ಹಾಕಿದ. ಒಮ್ಮೆಲೇ ಬಳ್ಳಿಯೊಳಗೆ ತಲೆ ತೂರಿಸಿ ಚೀರಿದ.

"ಬಾಯಾರ! ಇಲ್ಲೊಂದು ಹೀರಿಕಾಯಿ! ನನ್ನ ಕೈ ಉದ್ದ ಅದ!"

"ಹರೀಬ್ಯಾಡ್ರಿ!" ಎಂದು ಕರುಣಾ, ಆತೀಫ ಒಟ್ಟಿಗೆ ಕೂಗಿದರು.

ಮರುದಿನವೂ ಅದರ ಮರುದಿನವೂ ಪಂಢರಿಯೇ ಫೋನು ಮಾಡಿದ. ಬದನೆ ಎದ್ದು ನಿಂತಿದೆಯಂತೆ, ಬೆಂಡೆಗೆ ಎಂಟು ಹೂವಂತೆ. ಟೊಮ್ಯಾಟೊ ಮಾತ್ರ ಏಳಲಿಲ್ಲ ಎಂದಾಗ ಅವನ ದನಿ ಇಳಿದಿತ್ತು.

ಶನಿವಾರ ಗೇಟು ತೆರೆಯಿತು. ಹೆಂಗಸರು ಹಾಜರಿಗೆ ಬೆರಳು ಒತ್ತುವುದನ್ನೂ ಮರೆತು ಹಿಂಭಾಗಕ್ಕೆ ಓಡಿದರು. ಚಪ್ಪಲಿಗಳು ದಾರಿಯಲ್ಲೇ ಉಳಿದವು. ಬೆಳಗಿನ ಬಿಸಿಲಲ್ಲಿ ಚವಳಿಕಾಯಿ ಗೊಂಚಲು ಗೊಂಚಲಾಗಿ ತೂಗುತ್ತಿತ್ತು. ಬದನೆಗಳು ಮಿರಮಿರ ಮಿಂಚುತ್ತಿದ್ದವು. ಖತೀಜಾ ಆಪಾ ಒಂದು ಗಡಿಗೆಯ ಮುಚ್ಚಳ ತೆಗೆದು ಬೆರಳು ಅದ್ದಿ, ಒದ್ದೆ ಬೆರಳನ್ನು ಎಲ್ಲರಿಗೂ ಎತ್ತಿ ತೋರಿಸಿದಳು. ಸಪನಾ ಕರುಣಾಳನ್ನು ಅಪ್ಪಿ ಗಿರಗಿರ ತಿರುಗಿಸಿಬಿಟ್ಟಳು.

ಅಷ್ಟರಲ್ಲಿ ರವಿಕಿರಣ ಬಂದ. ಅವನ ಕಣ್ಣು ಗೋಡೆಯ ಮೇಲಿತ್ತು. ಸುಣ್ಣ ಕಿತ್ತು ಹಗ್ಗದ ಗೆರೆಗಳು ಉದ್ದಕ್ಕೆ ಬಿದ್ದಿದ್ದವು. "ಇದೇನಿದು? ಕಳ್ಳರು ಬಂದಿದ್ರೇನು?"

ಪಂಢರಿ ಸೆಟೆದು ನಿಂತ. ಮುಖ ಬಿಳುಚಿತ್ತು.

"ನಾನೇ ಸಾಹೇಬ್ರ," ಅಂದಳು ಕರುಣಾ, ಮುಂದೆ ಬಂದು. "ಆದ್ರ ನಾ ಒಳಗ ಬಂದಿಲ್ರಿ. ಪಂಢರಿ ಕಾಕಾ ಬಿಡಲೇ ಇಲ್ಲ. ನೀರಷ್ಟೇ ಬಂದಾದ." ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು.

ರವಿಕಿರಣ ಗೋಡೆ ನೋಡಿದ, ಗಿಡ ನೋಡಿದ, ಲೇಸಿಲ್ಲದ ಪಂಢರಿಯ ಬೂಟು ನೋಡಿದ. ನಗು ತಡೆಯಲಾಗಲಿಲ್ಲ. "ಮುಂದಿನ ಸಲ ಒಂದು ಡ್ರಮ್ ನೀರು ತುಂಬಿಸಿಡ್ರಿ ಮಾರಾಯ್ತಿ. ಗ್ವಾಡಿಗಿ ಸುಣ್ಣ ನೀವೇ ಹಚ್ಚಬೇಕು, ಮತ್ತ!"

ಕೊಯ್ಲಿಗೆ ಬುಟ್ಟಿ ಸಾಲದೆ ದುಪಟ್ಟಾ ಹಾಸಿದರು. ಮಧ್ಯಾಹ್ನ ಕ್ಯಾಂಟೀನಿನ ಒಲೆಯ ಮುಂದೆ ಖತೀಜಾ ಆಪಾಳೇ ಕೂತಳು. ಶೇಂಗಾ ಪುಡಿ ಹಾಕಿದ ಚವಳಿಕಾಯಿ ಪಲ್ಯ, ಬದನೆಕಾಯಿ ಎಣ್ಣೆಗಾಯಿ, ಬಿಸಿ ರೊಟ್ಟಿ. ಆ ಒಂದೇ ಒಂದು ಹೀರೆಕಾಯಿ ಯಾರಿಗೆ ಅನ್ನುವ ವಾದ ಅರ್ಧ ಗಂಟೆ ನಡೆಯಿತು. ಕೊನೆಗೆ ಅದನ್ನು ಕಾಗದದಲ್ಲಿ ಸುತ್ತಿ ಪಂಢರಿಯ ಕೈಗಿಟ್ಟರು. ಅವನು ಅದನ್ನು ಕಂಕುಳಲ್ಲಿ ಅವುಚಿಕೊಂಡೇ ಊಟಕ್ಕೆ ಕೂತ.