ನೂರೆಂಟು ಇಂಚು

ಕತ್ತರಿಯನ್ನು ಕೆಳಗಿಟ್ಟು ಎರಡು ವರ್ಷವಾಗಿದ್ದರೂ ಅಣ್ಣನ ಕೊರಳಿನಿಂದ ಅಳತೆಯ ಟೇಪು ಇಳಿದಿರಲಿಲ್ಲ. ಬೆಳಿಗ್ಗೆ ಸ್ನಾನ ಮುಗಿಸಿ ಅಂಗಿ ತೊಟ್ಟ ಕೂಡಲೇ ಅದನ್ನು ಎದೆಯ ಎರಡೂ ಬದಿಗೆ ಇಳಿಬಿಟ್ಟುಕೊಳ್ಳುತ್ತಿದ್ದ. ಹಳದಿ ಬಣ್ಣ ಮಾಸಿ, ಮೊದಲ ನಾಲ್ಕು ಇಂಚುಗಳ ಅಂಕಿಗಳು ಅವನ ಹೆಬ್ಬೆರಳಿಗೆ ಸವೆದುಹೋಗಿದ್ದವು. ಕಣ್ಣಿನ ನರ ಸೊರಗಿ ಕೆಲಸ ನಿಂತಿತ್ತು. ಓಣಿಯವರು ಮಾತ್ರ ಅವನನ್ನು ಇನ್ನೂ ಟೈಲರ್ ತುಳಸೀರಾಮಣ್ಣ ಎಂದೇ ಕರೆಯುತ್ತಿದ್ದರು.

ಆ ಮನೆಯಲ್ಲಿ ಇದ್ದವರು ನಾವಿಬ್ಬರೇ. ಹೆಂಡತಿಯನ್ನು ಕಳೆದುಕೊಂಡ ಅವನು, ಮದುವೆಯಾಗದ ನಾನು. ಶಾಲಾ ಮಕ್ಕಳ ಸಮವಸ್ತ್ರ ಹೊಲಿದು ಅವನು ನನ್ನನ್ನು ಕಾಲೇಜಿಗೆ ಕಳಿಸಿದ್ದ. ಆ ಓದಿನ ಬಲದಿಂದ ನಾನು ಮುದ್ರಣಾಲಯಕ್ಕೆ ಪುಸ್ತಕಗಳ ಕರಡು ತಿದ್ದಿಕೊಡುತ್ತಿದ್ದೆ. ಹಗಲೆಲ್ಲ ನಾನು ನಡುಮನೆಯ ಒಂದು ಗೋಡೆಗೆ ಮುಖ ಮಾಡಿ ಕಂಪ್ಯೂಟರಿನ ಮುಂದೆ ಕೂರುತ್ತಿದ್ದೆ. ಸಂಜೆಯಾದರೆ ಅಣ್ಣ ಎದುರು ಗೋಡೆಯ ಮಂಚದ ಮೇಲೆ ಕೂತು ಟೀವಿಯಲ್ಲಿ ಕಬಡ್ಡಿ ನೋಡುತ್ತಿದ್ದ. ಕೆಲಸ ಬಿಟ್ಟವನಿಗೆ ದಿನದಲ್ಲಿ ಉಳಿದಿದ್ದ ಸಂತೋಷ ಅದೊಂದೇ. ಒಂದು ಮಧ್ಯಾಹ್ನ ಹತ್ತಿರದಲ್ಲೆಲ್ಲೋ ಸಿಡಿಲು ಬಡಿದು ಟೀವಿಯೂ ಕಂಪ್ಯೂಟರಿನ ಪರದೆಯೂ ಒಟ್ಟಿಗೆ ಸುಟ್ಟುಹೋದವು. ಎರಡನ್ನೂ ಕೊಳ್ಳುವ ಶಕ್ತಿ ನಮಗಿರಲಿಲ್ಲ.

"ಒಂದೇ ತಂದ್ರಾಯ್ತು ಬಿಡು," ಎಂದ ಅಣ್ಣ. "ಹಗಲು ನಿನ್ನ ಅಕ್ಷರ, ಸಂಜೆ ನನ್ನ ಕಬಡ್ಡಿ. ಒಂದೇ ಅಂಗೀನ ಇಬ್ರು ಹಾಕ್ಕೊಂಡಂಗೆ."

"ಇಬ್ರಿಗೂ ಹಿಡಿಯೋ ಅಂಗಿ ಎಲ್ಲಿ ಸಿಗುತ್ತೆ ಅಣ್ಣಾ?"

"ಅಳತೆ ಸರಿಯಾಗಿ ಕೊಟ್ರೆ ಸಿಗುತ್ತೆ ಕಣೇ. ಬಾಯಿಗೆ ಬಂದ ಅಳತೆ ಕೊಟ್ಟು ಆಮೇಲೆ ಟೈಲರ್‌ನ ಬೈಯೋರೇ ಜಾಸ್ತಿ."

ಮರುದಿನ ನಾನು ಹಾಲು ತೆಗೆದುಕೊಂಡು ಬರುವ ಹೊತ್ತಿಗೆ ಅವನು ಮಂಡಿಯ ಧೂಳು ಕೊಡವಿಕೊಂಡು ನೆಲದಿಂದ ಏಳುತ್ತಿದ್ದ. ಒಂದು ಚೀಟಿಯಲ್ಲಿ ದಪ್ಪ ಅಂಕಿಯಲ್ಲಿ ನೂರೆಂಟು ಎಂದು ಬರೆದಿತ್ತು. "ಮಂಚದಿಂದ ನಿನ್ನ ಮೇಜಿನ ಗೋಡೆಗೆ ಇಷ್ಟು ಇಂಚು. ಅಂಗಡಿಯವನಿಗೆ ಇದನ್ನೇ ಹೇಳು."

"ನೀನೂ ಬಾ."

"ನಂಗೆ ಅಲ್ಲಿ ಎಲ್ಲಾ ಒಂದೇ ಥರಾ ಕಾಣುತ್ತೆ. ನೋಡೋಳು ನೀನು, ನೀನೇ ನೋಡ್ಕೊಂಡು ಬಾ."

ಅಂಗಡಿಯ ಗೋಡೆಯ ತುಂಬ ಪರದೆಗಳು, ಎಲ್ಲದರಲ್ಲೂ ಅದೇ ನೀಲಿ ನೀರು, ಅದೇ ಮೀನುಗಳು. ಮಾಲೀಕ ಜಿನದತ್ತ ಚೀಟಿ ನೋಡಿ, "ಒಂಬತ್ತು ಅಡಿ. ನಲವತ್ಮೂರಿಂಚಿಗಿಂತ ಕಮ್ಮಿ ಬೇಡ ಮೇಡಂ," ಎಂದ. ನಾನು ಪೆನ್‌ಡ್ರೈವಿನಲ್ಲಿ ಒಯ್ದಿದ್ದ ಕರಡಿನ ಒಂದು ಪುಟವನ್ನು ಅದರಲ್ಲಿ ಹಾಕಿಸಿ, ಮನೆಯಲ್ಲಿ ಕೂರುವಷ್ಟೇ ಹತ್ತಿರ ಕುರ್ಚಿ ಎಳೆದುಕೊಂಡು ಕೂತೆ. ಅಕ್ಷರ ದೊಡ್ಡದಾಗಿತ್ತು, ಆದರೆ ಅಂಚು ಒಡೆದಿತ್ತು. ಒತ್ತಕ್ಷರಗಳು ಮಸಿ ಚೆಲ್ಲಿದಂತೆ ಕಲಸಿಕೊಂಡಿದ್ದವು. ದ ಯಾವುದು, ಧ ಯಾವುದು ಎಂದು ಎರಡೆರಡು ಸಲ ನೋಡಬೇಕಾಯಿತು. ಪಕ್ಕದಲ್ಲಿದ್ದ ಇಪ್ಪತ್ತೇಳಿಂಚಿನ ಪರದೆಯಲ್ಲಿ ಅದೇ ಪುಟ ಆಗಷ್ಟೇ ಒಗೆದು ಹರವಿದ ಹಾಗಿತ್ತು.

"ನಿಮ್ಮ ಕೆಲಸಕ್ಕೆ ಇದೇ ಸರಿ. ಟೀವಿನೂ ಬರುತ್ತೆ, ರಿಮೋಟೂ ಇದೆ," ಎಂದ ಜಿನದತ್ತ. "ಆದ್ರೆ ಒಂಬತ್ತಡಿ ದೂರದಿಂದ ನಿಮ್ಮಣ್ಣನಿಗೆ ಆಟಗಾರರು ಇರುವೆ ಥರಾ ಕಾಣ್ತಾರೆ. ಅಳತೆ ಸರಿಯಾಗಿದೆ ತಾನೇ?"

ಹಿಂದಿನ ತಿಂಗಳು ನನ್ನ ಕೈ ದಾಟಿ ಹೋದ ಒಂದು ಪುಸ್ತಕದಲ್ಲಿ ಹನ್ನೊಂದು ತಪ್ಪುಗಳು ಉಳಿದಿದ್ದವು. "ಕಣ್ಣು ದಣಿದಿದ್ರೆ ಹೇಳಿಬಿಡಿ, ಬೇರೆಯವರಿಗೆ ಕೊಡೋಣ," ಎಂದಿದ್ದರು ಮುದ್ರಣಾಲಯದವರು. ಅಂದಿನಿಂದ ದಿನವೂ ಬೆಳಿಗ್ಗೆ ಒಂದೊಂದೇ ಕಣ್ಣು ಮುಚ್ಚಿ ಕ್ಯಾಲೆಂಡರಿನ ಸಣ್ಣ ಅಕ್ಷರಗಳನ್ನು ಓದಿ ನೋಡಿಕೊಳ್ಳುತ್ತಿದ್ದೆ. ಅಣ್ಣನಿಗೆ ಬಂದದ್ದು ನನಗೂ ಬರಬಹುದೆಂಬ ಭಯವನ್ನು ಯಾರಿಗೂ ಹೇಳಿರಲಿಲ್ಲ.

"ಇಲ್ಲ," ಎಂದೆ. "ಅಣ್ಣ ಹಳೇ ಅಳತೆ ಕೊಟ್ಟಿದ್ದಾನೆ. ಮಂಚ ಈಗ ಮುಂದೆ ಬಂದಿದೆ. ಎಪ್ಪತ್ತು ಇಂಚು."

ಜಿನದತ್ತ ಚೀಟಿಯ ಮೇಲೆ ಗೀಟು ಎಳೆದು ಎಪ್ಪತ್ತು ಎಂದು ಬರೆದುಕೊಂಡ.

ಮನೆಗೆ ತಂದ ಪೆಟ್ಟಿಗೆಯ ಅಂಚಿನ ಮೇಲೆ ಅಣ್ಣ ಒಮ್ಮೆ ಕೈಯಾಡಿಸಿದ. "ನಿನ್ನ ಅಕ್ಷರ ಚೆನ್ನಾಗಿ ಕಾಣುತ್ತಾ?" ಎಂದು ಕೇಳಿದ. ಕಾಣುತ್ತೆ ಎಂದೆ. "ಸರಿ ಹಾಗಾದ್ರೆ," ಎಂದ.

ಸಂಜೆಯ ಕಬಡ್ಡಿ ಎಂದಿನಂತೆ ಶುರುವಾಯಿತು. ಆದರೆ ಈಗ ಅವನು ಅಡುಗೆಮನೆಯ ಕಡೆಗೆ ಕೂಗುತ್ತಿದ್ದ. "ಎಷ್ಟು ಜನ ಉಳಿದ್ರೇ?" ನಾನು ಲಟ್ಟಣಿಗೆ ಹಿಡಿದುಕೊಂಡೇ ಬಂದು ನೋಡಿ, ನಾಲ್ಕು ಎಂದೋ ಮೂರು ಎಂದೋ ಹೇಳಿ ಹೋಗುತ್ತಿದ್ದೆ. ದಿನಕ್ಕೆ ಹತ್ತು ಸಲ. ಮಂಚ ವಾರಕ್ಕೊಂದು ಗೇಣು ಮುಂದಕ್ಕೆ ಬರತೊಡಗಿತು. ಗೋಡೆಗೆ ತೇವ ಬಂದಿದೆ ಎಂದ. ಅಲ್ಲಿ ಫ್ಯಾನಿನ ಗಾಳಿ ಬರೋಲ್ಲ ಎಂದ. ಮೂವತ್ತು ವರ್ಷ ಮಂಚದ ಕಾಲು ಊರಿದ್ದ ಕಡೆ ಕೆಂಪು ನೆಲದ ಮೇಲೆ ನಾಲ್ಕು ಬಿಳಿಚಿದ ಗುರುತುಗಳು ಉಳಿದವು. ಕಸ ಗುಡಿಸುವಾಗೆಲ್ಲ ಅವು ಕಣ್ಣಿಗೆ ಬೀಳುತ್ತಿದ್ದವು. ಅದರ ಬಗ್ಗೆ ಯೋಚಿಸಲೂ ಆಗದಷ್ಟು ದಣಿದಿದ್ದೆ, ಅಥವಾ ಹಾಗೆಂದುಕೊಂಡು ಮುಂದೆ ಗುಡಿಸಿಕೊಂಡು ಹೋಗುತ್ತಿದ್ದೆ. ಬೇಸಿಗೆಯ ಹೊತ್ತಿಗೆ ನನ್ನ ಕುರ್ಚಿಯ ಬೆನ್ನು ಅವನ ಮಂಚಕ್ಕೆ ತಾಗುತ್ತಿತ್ತು.

ಒಂದು ಸಂಜೆ ಪರದೆಯಿಂದ ನಾಲ್ಕೇ ಅಡಿ ದೂರದಲ್ಲಿ ಕೂತು ಅವನು, "ನಮ್ಮೋರದು ಯಾವ ಬಣ್ಣದ ಬನೀನೇ?" ಎಂದು ಕೇಳಿದ.

ನಾನು ಬಂದು ಅವನ ಪಕ್ಕದಲ್ಲಿ ಕೂತೆ. "ಅಣ್ಣಾ, ಅಂಗಡೀಲಿ ನಾನು ಎಪ್ಪತ್ತು ಇಂಚು ಅಂತ ಹೇಳ್ದೆ."

ಅವನು ರಿಮೋಟು ತಡವಿ ಸದ್ದು ತಗ್ಗಿಸಿದ. "ಗೊತ್ತು."

"ಯಾವಾಗಿಂದ?"

"ಪೆಟ್ಟಿಗೆ ಒಳಗೆ ಬಂದ ದಿನಾನೇ. ನೂರೆಂಟಕ್ಕೆ ತಕ್ಕದ್ದಾಗಿದ್ರೆ ನೀನೊಬ್ಳೇ ಹಂಗೆ ತಬ್ಕೊಂಡು ತರೋಕಾಗ್ತಿತ್ತಾ?" ಎಂದು ನಕ್ಕ. "ನಲವತ್ತು ವರ್ಷ ಊರೋರ ಸೊಂಟ ಅಳೆದೋನು ಕಣೇ ನಾನು. ಹೊಟ್ಟೆ ಒಳಗೆಳ್ಕೊಂಡು ಅಳತೆ ಕೊಡೋರು ಎಷ್ಟು ಜನ ಅಂತೀಯ!"

"ಅವರಿಗೆ ಏನಂತಿದ್ದೆ?"

"ಏನೂ ಅನ್ನಬಾರದು. ಅವರು ಕೊಟ್ಟ ಅಳತೆಗೇ ಹೊಲೀಬೇಕು. ಒಳಗಡೆ ಎರಡಿಂಚು ಬಟ್ಟೆ ಮಡಿಚಿಟ್ಟಿರಬೇಕು. ಉಸಿರು ಬಿಡೋಕಾಗದೆ ಬಂದೇ ಬರ್ತಾರೆ. ಆಗ ಬಿಚ್ಚಿಕೊಟ್ರಾಯ್ತು."

ನನಗೆ ನಗು ಬರಲಿಲ್ಲ. "ಜಿನದತ್ತರನ್ನ ಕೇಳ್ತೀನಿ. ದೊಡ್ಡದಕ್ಕೆ ಬದಲಾಯಿಸಿ ಕೊಟ್ರೆ ಕೊಡ್ಲಿ. ಟೇಪು ಕೊಡು, ಮಂಚ ಮೊದಲಿದ್ದ ಜಾಗದಿಂದ ಸರಿಯಾಗಿ ಅಳೆದು ಹೇಳ್ತೀನಿ."

"ಬೇಡ ಬಿಡೇ. ಈಗ ಅದ್ಯಾಕೆ?" ಅವನ ಕೈ ಟೇಪನ್ನು ಎದೆಗೆ ಒತ್ತಿ ಹಿಡಿಯಿತು. ನಾನು ಮೆಲ್ಲಗೆ ಬಿಡಿಸಿಕೊಂಡೆ.

ಟೇಪಿನ ಉದ್ದ ಅರವತ್ತು ಇಂಚು. ನೆಲದ ಬಿಳಿಚಿದ ಗುರುತಿನಿಂದ ಗೋಡೆಯ ಕಡೆಗೆ ಮಂಡಿಯೂರಿಕೊಂಡು ಹೋದೆ. ಒಂದು ಅರವತ್ತು. ಮತ್ತೊಂದು ಅರವತ್ತು. ಗೋಡೆ ಇನ್ನೂ ಮುಂದಿತ್ತು. ಮತ್ತೆ ಹದಿನೆಂಟು. ತಪ್ಪಿರಬೇಕೆಂದು ಹಿಂದಿರುಗಿ ಅಳೆದೆ. ನೂರ ಮೂವತ್ತೆಂಟು.

"ಅಣ್ಣಾ, ನೂರೆಂಟು ಅಂತ ಬರ್ದಿದ್ದೆಯಲ್ಲ?"

ಅವನು ಪರದೆಯ ಕಡೆಗೆ ಮುಖ ತಿರುಗಿಸಿದ. "ಹಳೇ ಟೇಪು. ಎಳೆದೂ ಎಳೆದೂ ಉದ್ದ ಆಗಿರುತ್ತೆ."

ಹಿಗ್ಗಿದ ಟೇಪು ಅಳತೆಯನ್ನು ಕಡಿಮೆ ತೋರಿಸುತ್ತದೆಯೇ ಹೊರತು ಹೆಚ್ಚು ತೋರಿಸುವುದಿಲ್ಲ. ಅದು ಅವನಿಗಿಂತ ಚೆನ್ನಾಗಿ ಇನ್ನಾರಿಗೆ ಗೊತ್ತು? ನಾನು ಅವನನ್ನೇ ನೋಡುತ್ತ ನೆಲದ ಮೇಲೆ ಕೂತಿದ್ದೆ. ನನ್ನ ನೋಟ ಅವನಿಗೆ ಕಾಣುತ್ತಿತ್ತೋ ಇಲ್ಲವೋ, ನಾನು ನೋಡುತ್ತಿರುವುದಂತೂ ಅವನಿಗೆ ತಿಳಿಯಿತು.

"ಇದ್ದಷ್ಟೂ ಬರೆದ್ರೆ ಅವನು ಗೋಡೆಯಷ್ಟಗಲದ್ದು ಕೊಟ್ಟುಬಿಡೋನು," ಎಂದ. "ಅದ್ರ ಮುಂದೆ ಕೂತು ನಿನ್ನ ಕಣ್ಣೂ ಹೋದ್ರೆ? ಕ್ಯಾಲೆಂಡರ್ ಮುಂದೆ ನಿಂತು ದಿನಾ ಪಿಸಪಿಸ ಓದ್ತಿದ್ದೆಯಲ್ಲ, ಕಿವಿ ಚೆನ್ನಾಗೇ ಕೇಳ್ಸುತ್ತಮ್ಮ ನಂಗೆ. ಅದಕ್ಕೇ ನಾನೇ ಒಂದು ಮೂವತ್ತು ಇಂಚು ಒಳಗೆ ಮಡಿಚೆ."

ತನ್ನ ಪಾಲಿನಲ್ಲಿ ಅವನು ಮೊದಲೇ ನನಗಾಗಿ ಮಡಿಚಿಟ್ಟಿದ್ದ. ಉಳಿದದ್ದರ ಮೇಲೆ ನಾನು ಮತ್ತೊಮ್ಮೆ ಕತ್ತರಿ ಆಡಿಸಿದ್ದೆ.

ಪರದೆಯನ್ನು ಬದಲಾಯಿಸಲು ಅವನು ಒಪ್ಪಲಿಲ್ಲ. ಅಷ್ಟು ಹೊತ್ತಿಗೆ ಯಾವ ಅಳತೆಯೂ ಅವನ ಕಣ್ಣಿಗೆ ಸಾಲುತ್ತಿರಲಿಲ್ಲ ಎಂಬುದು ನನಗೂ ಅರ್ಥವಾಗಿತ್ತು. ಮರುದಿನ ಮಂಚವನ್ನು ಅದರ ಹಳೆಯ ಜಾಗಕ್ಕೆ ತಳ್ಳಿದೆ. ಪರದೆಯ ಸಮೇತ ನನ್ನ ಮೇಜನ್ನು ಗೋಡೆಯಿಂದ ಬಿಡಿಸಿ ನಡುಮನೆಯ ಉದ್ದಕ್ಕೂ ಎಳೆದುಕೊಂಡು ಹೋಗಿ ಅವನ ಮಂಚದ ಬದಿಗೆ ನಿಲ್ಲಿಸಿದೆ. ಸಂಜೆ ಕರಡುಗಳನ್ನು ಮಡಿಸಿಟ್ಟು ನಾನೂ ಅಲ್ಲೇ ಕೂತು, ಯಾರು ಒಳಗೆ ಹೋದರು, ಯಾರ ಕಾಲು ಯಾರು ಹಿಡಿದರು ಎಂದು ಹೇಳತೊಡಗಿದೆ. ಮೊದಮೊದಲು ತಪ್ಪುತ್ತಿತ್ತು. "ಏ ಹುಡುಗಿ, ಸಾಲು ಬಿಟ್ಟು ಓದಬೇಡ," ಎಂದು ಗದರುತ್ತಿದ್ದ. ನನಗಾಗ ನಲವತ್ತೇಳು.

ಪ್ಲಗ್ಗು ಮಾತ್ರ ಆ ಗೋಡೆಯಲ್ಲೇ ಇತ್ತು. ಅಲ್ಲಿಂದ ಮೇಜಿನವರೆಗೆ ಕಪ್ಪು ವೈರು ನಡುಮನೆಯನ್ನು ಅಡ್ಡಹಾಯ್ದು ಬಂತು. ಎರಡನೆಯ ದಿನವೇ ಅಣ್ಣ ಅದಕ್ಕೆ ಎಡವಿದ. ಆಮೇಲೆ ಹಳೆಯ ಟ್ರಂಕಿನಿಂದ ಒಂದಿಷ್ಟು ಬಿಳಿ ಸಮವಸ್ತ್ರದ ಬಟ್ಟೆ ತೆಗೆದು, ದಾರ ಪೋಣಿಸಿಕೊಡೆಂದು ನನ್ನನ್ನು ಕರೆದು, ಮೂರು ಹಗಲು ಬೆರಳಿನ ಅಂದಾಜಿನಲ್ಲೇ ಆ ವೈರಿಗೆ ಉದ್ದನೆಯ ತೋಳು ಹೊಲಿದ. ದೊಡ್ಡ ದೊಡ್ಡ ಹೊಲಿಗೆ, ಅಲ್ಲಲ್ಲಿ ಸೊಟ್ಟ. ಕೆಂಪು ನೆಲದ ಮೇಲೆ ಆ ಬಿಳಿಯ ಗೆರೆ ಅವನಿಗೆ ಕಾಣುತ್ತಿತ್ತು. ಅದರ ಬಳಿ ಬಂದಾಗ ಪಂಚೆಯನ್ನು ತುಸು ಎತ್ತಿ ಹಿಡಿದು, ಅಗತ್ಯಕ್ಕಿಂತ ಎತ್ತರಕ್ಕೆ ಕಾಲೆತ್ತಿ, ನಿಧಾನವಾಗಿ ದಾಟುತ್ತಿದ್ದ.