ಮತ್ಸ್ಯಕನ್ಯೆಯ ಆರನೇ ಪುಸ್ತಕ

ತಾಯಿಯಿಲ್ಲದ ನಿಶಾತ್ ಬೇಸಿಗೆ ರಜೆಗೆಂದು ತೆಕ್ಕಲಕೋಟೆಯಿಂದ ಬಳ್ಳಾರಿಯ ಚಾಚಾನ ಮನೆಗೆ ಬಂದಾಗ ಅವಳ ಚೀಲದಲ್ಲಿ ಎರಡು ಜೊತೆ ಬಟ್ಟೆ, ಒಂದು ಪುಸ್ತಕ ಇದ್ದವು. ಅದು ಮತ್ಸ್ಯಕನ್ಯೆ ತಾರಿಣಿಯ ಕಥೆಯ ಆರನೆಯ, ಕೊನೆಯ ಭಾಗ. ಐದು ಭಾಗಗಳನ್ನು ಶಾಲೆಯಲ್ಲೇ ಊಟ ತಿಂಡಿ ಮರೆತು ಓದಿದ್ದಳು. ಐದನೆಯದರ ಕೊನೆಗೆ ತಾರಿಣಿ ಕಡಲೆಲ್ಲ ಹುಡುಕಿ, ತಾಯಿಯ ಗುಹೆಯ ಬಾಗಿಲು ತಟ್ಟಿದ್ದಳು. ತಾಯಿ ಬಾಗಿಲು ತೆಗೆದಳೋ, ಮಗಳ ಗುರುತು ಹಿಡಿದಳೋ? ನಿಶಾತಳಿಗೆ ಅದೊಂದು ತಿಳಿದರೆ ಸಾಕಿತ್ತು.

ಇರ್ಫಾನಾ ಚಾಚಿ ಮನೆಯಲ್ಲೇ ಜೀನ್ಸ್ ಹೊಲಿಯುವವಳು. ಬಂದ ದಿನವೇ ಪುಸ್ತಕ ಕಿತ್ತುಕೊಂಡಳು. "ಒಂದು ಗಂಟು ಪ್ಯಾಂಟಿನ ಹೆಚ್ಚಿನ ದಾರ ಕತ್ತರಿಸು, ಹತ್ತು ಹಾಳಿ ಕೊಡ್ತೀನಿ" ಎಂದಳು. ಪುಕ್ಕಟೆ ಆಳು ಸಿಕ್ಕರೆ ಯಾರು ಬಿಡುತ್ತಾರೆ!

ಸಂಜೆಗೆ ನಿಶಾತಳ ಬೆರಳು ನೀಲಿಯಾಗಿ ಬೊಬ್ಬೆ ಎದ್ದಿದ್ದವು. ಚಾಚಿ ಪರ್ರನೆ ಹತ್ತು ಹಾಳೆ ಹರಿದು ಕೊಟ್ಟಳು. ಚಿಕ್ಕಂದಿನಲ್ಲಿ ಅರಬ್ಬಿ ಓದಿದ್ದು ಬಿಟ್ಟರೆ ಅವಳು ಬೇರೆ ಪುಸ್ತಕ ಮುಟ್ಟಿದವಳಲ್ಲ. ಅವಳ ಪ್ರಕಾರ ಪುಸ್ತಕ ಶುರುವಾಗುವುದೇ ಬಲಗಡೆಯಿಂದ, ಅಂದರೆ ಕನ್ನಡ ಪುಸ್ತಕದ ಕೊನೆಯ ರಟ್ಟಿನಿಂದ. ಹಾಗಾಗಿ ನಿಶಾತ್ ಮೊದಲು ಓದಿದ್ದೇ ಕಡೆಯ ಅಧ್ಯಾಯ. ತಾರಿಣಿ ಕಡಲ ತಳದಲ್ಲಿ ಕಲ್ಲಾಗಿ ಬಿದ್ದಿದ್ದಳು.

"ಚಾಚೀ, ಇವು ಕಡೀ ಹಾಳಿ. ಮೊದಲಿನವು ಆ ಕಡಿ ಅದಾವು" ಎಂದು ನಿಶಾತ್ ಅತ್ತಳು.

"ನನಗ ಓದಾಕ ಕಲಸ್ತೀಯೇನ್ಲೇ?" ಕೆನ್ನೆಗೊಂದು ಬಿತ್ತು.

ಮರುದಿನವೂ ಚಾಚಿ ಹಿಂದಿನಿಂದಲೇ ಹರಿದಳು. ಆದರೆ ಆ ಹಾಳೆಗಳಲ್ಲಿ ತಾರಿಣಿ ಇನ್ನೂ ಕಲ್ಲಾಗಿರಲಿಲ್ಲ, ಬಾಲ ಬಡಿದು ಹೋರಾಡುತ್ತಿದ್ದಳು. ಅದರ ಮರುದಿನ ತಿಮಿಂಗಿಲದ ಬೆನ್ನೇರಿ ನಗುತ್ತಿದ್ದಳು! ನಿಶಾತಳಿಗೆ ಹುಚ್ಚು ಹಿಡಿಯಿತು. ಗಂಟು ಮುಗಿದಂತೆಲ್ಲ ತಾರಿಣಿ ಬದುಕಿಕೊಳ್ಳುತ್ತಿದ್ದಾಳೆ. ಕಡೆಯ ಗಂಟು ಮುಗಿದರೆ ತಾಯಿಯ ಗುಹೆಯ ಆ ಬಾಗಿಲೇ ಸಿಗುತ್ತದೆ. ಅವಳು ಹಾಡಿಕೊಂಡು ದಾರ ಕತ್ತರಿಸಿದಳು.

ಕಡೆಯ ಗಂಟು ಮುಗಿದ ಶುಕ್ರವಾರ ಬೆಳಿಗ್ಗೆ ದಾದಾಪೀರ್ ಚಾಚಾ ಪುಸ್ತಕ ಎತ್ತಿ ನೋಡಿ ಹೊಟ್ಟೆ ಹಿಡಿದು ನಕ್ಕ. "ಉಲ್ಟಾ ಹರಿದೀಯಲ್ಲೇ! ಕತಿ ಶುರು ಆಗೋ ಹಾಳಿನ ಉಳಿಸೀಯಲ್ಲ!"

ಗಂಡ ನಿಶಾತಳ ಕೈಗೆ ಕೊಟ್ಟ ಪುಸ್ತಕವನ್ನು ಚಾಚಿ ಕಸಿದುಕೊಂಡಳು. ಜೀನ್ಸ್ ಚೂರು ಉರಿಯುತ್ತಿದ್ದ ನೀರೊಲೆಗೆ ಉಳಿದ ಹತ್ತೂ ಹಾಳೆ ತುರುಕಿದಳು.

"ಅವು ನನ್ನವು ಚಾಚೀ! ಗಂಟು ಮುಗಿಸೀನಿ!"

"ಕಡೀಗೆ ಏನಾತಂತ ಮೊದಲ್ನೇ ದಿನಾನ ಗೊತ್ತಾತಲ್ಲ. ಇನ್ನೇನ್ ಬೇಕು?"

ನೀರು ಬೇಗ ಕಾಯಿತು. ಅದೇ ನೀರಿನಲ್ಲಿ ಚಾಚಿ ಅವಳ ತಲೆ ತಿಕ್ಕಿ ಎರೆದಳು.