ನೀರಿಳಿದ ತೊಟ್ಟಿ

ಶುಕ್ರವಾರ ಮಕ್ಕಳ ಬಸ್ಸುಗಳೆಲ್ಲ ಹೊರಟ ಮೇಲೆ ವರ್ನಾ ಕೋಲ್ಟರ್‌ಮನ್ ತೋಳು ಮೇಲೇರಿಸಿ, ಜೋಲೀನಳ ತರಗತಿಯ ತೊಟ್ಟಿಗೆ ಕೈಹಾಕಿ ಬಿರಡೆ ಕಿತ್ತಳು. ಏಳನೆಯ ತರಗತಿಯ ಮಕ್ಕಳು ಎರಕ ಹೊಯ್ದ ಪುಟ್ಟ ಕಾಂಕ್ರೀಟ್ ತೊಲೆಗಳು ಅದರಲ್ಲಿ ನೆನೆಯುತ್ತಿದ್ದವು. ನೆನೆಯದಿದ್ದರೆ ಗಟ್ಟಿಯಾಗವು. ಪಕ್ಕದ ತೊಟ್ಟಿಗೂ ಕೈಹಾಕುವಷ್ಟರಲ್ಲಿ ಗುಡಿಸುವವನ ಗಾಡಿ ಗಡಗಡ ಎಂದಿತು. ಏನೂ ಅರಿಯದವಳ ಹಾಗೆ ಹೊರಗೆ ಬಂದಳು.

ಹೊಟ್ಟೆಕಿಚ್ಚು ಅಂದರೆ ಹೊಟ್ಟೆಕಿಚ್ಚೇ, ಅದಕ್ಕೆ ಬೇರೆ ಹೆಸರಿಟ್ಟು ಏನು ಪ್ರಯೋಜನ? ನೆಬ್ರಾಸ್ಕಾದ ಆ ಊರಿನಲ್ಲಿ ವಿಜ್ಞಾನದ ಟೀಚರ್ ಅಂದರೆ ವರ್ನಾ. ಅಪ್ಪಂದಿರಿಗೂ ಕಲಿಸಿ, ಈಗ ಮಕ್ಕಳಿಗೂ ಕಲಿಸುತ್ತಿದ್ದಳು. ನಿನ್ನೆ ಮೊನ್ನೆ ಟೀಚರಾಗಿ ಬಂದ ಜೋಲೀನ್ ಹ್ರುಸ್ಕಾ ಬೇಸಿಗೆ ರಜೆಯಲ್ಲಿ ವಿಶ್ವವಿದ್ಯಾಲಯದ ಇಂಜಿನಿಯರಿಂಗ್ ಲ್ಯಾಬಿಗೆ ಹೋಗಿ, ಸಂಶೋಧಕರ ಜೊತೆ ಮೈಕೈಗೆ ಸಿಮೆಂಟು ಮೆತ್ತಿಕೊಂಡು ಬಂದದ್ದೇ ಬಂದದ್ದು, ಮೆಕ್ಕೆಜೋಳದ ನಾರು ಬೆರೆಸಿದ ಕಾಂಕ್ರೀಟು ಅಂತ ಮಕ್ಕಳೆಲ್ಲ ಅವಳ ಹಿಂದೆ. ಆ ಅವಕಾಶಕ್ಕೆ ವರ್ನಾ ಕೂಡ ಅರ್ಜಿ ಹಾಕಿದ್ದಳು. ಯಾರಿಗೂ ಹೇಳಿರಲಿಲ್ಲ. ಈಗ ವರ್ನಾಳೇ ಕಟ್ಟಿ ಬೆಳೆಸಿದ ವಿಜ್ಞಾನ ಕ್ಲಬ್ಬನ್ನೂ ಜೋಲೀನಳಿಗೆ ಕೊಡುವ ಮಾತೆದ್ದಿತ್ತು. ಸೋಮವಾರ ತೊಲೆಗಳ ಪರೀಕ್ಷೆ ನೋಡಿ ಹೇಳುತ್ತೇನೆ ಎಂದಿದ್ದರು ಪ್ರಿನ್ಸಿಪಾಲರು.

ಸೋಮವಾರ ವರ್ನಾ ಅವರ ಪಕ್ಕದಲ್ಲೇ ಹೋಗಿ ನಿಂತಳು. ಮಕ್ಕಳು ತೊಲೆಗೆ ಬಕೆಟ್ ತೂಗುಹಾಕಿ ಮರಳು ಸುರಿದರು. ಅರ್ಧ ತುಂಬುವ ಮೊದಲೇ ತೊಲೆ ಲಟಕ್ಕೆಂದು ಮುರಿಯಿತು. ಇನ್ನೊಂದೂ ಹಾಗೇ. ವರ್ನಾಳ ಹೊಟ್ಟೆ ತಣ್ಣಗಾಯಿತು.

"ನಾನು ಆಗ್ಲೇ ಅಂದಿದ್ದೆ ಜೋಲೀನ್, ಈ ವಯಸ್ಸಿನ ಮಕ್ಕಳಿಗೆ ಇದೆಲ್ಲ ಜಾಸ್ತಿ ಆಯ್ತು ಅಂತ."

"ಮುರೀಲಿ ಬಿಡಿ ವರ್ನಾ. ಲ್ಯಾಬಲ್ಲಿ ನಾವು ದಿನಾ ಮಾಡ್ತಿದ್ದಿದ್ದೇ ಇದು."

ಪಕ್ಕದ ತೊಟ್ಟಿಯ ತೊಲೆಗಳ ಸರದಿ ಬಂತು. ಬಕೆಟ್ ತುಂಬಿ ತುಳುಕಿದರೂ ಅವು ಜಪ್ಪಯ್ಯ ಎನ್ನಲಿಲ್ಲ. ಹೋದ ವರ್ಷ ವರ್ನಾಳ ಕಣ್ಮಣಿಯಾಗಿದ್ದ ಟೆಸ್ಸಾ ಓಡಿಹೋಗಿ ಮೊದಲ ತೊಟ್ಟಿಯೊಳಗೆ ಕೈಯಾಡಿಸಿದಳು.

"ಮಿಸ್, ಇದ್ರಲ್ಲಿ ನೀರೇ ಇಲ್ಲ! ಒಣಗಿದ್ದಕ್ಕೇ ಅವು ಮುರಿದಿದ್ದು!"

ಜೋಲೀನ್ ಬೆಳಿಗ್ಗೆಯೇ ಖಾಲಿ ತೊಟ್ಟಿ ನೋಡಿದ್ದಳಂತೆ. ಮಕ್ಕಳೇ ಕಂಡುಹಿಡಿಯಲಿ ಎಂದು ಬಾಯಿ ಬಿಟ್ಟಿರಲಿಲ್ಲ.

"ಬಿರಡೆ ಯಾರು ತೆಗೆದ್ರೋ ಗೊತ್ತಿಲ್ಲ. ಆದ್ರೆ ಒಂದನ್ನ ನೆನೆಸಿ ಒಂದನ್ನ ಒಣಗಿಸಿ ನೋಡ್ಬೇಕು ಅಂತ ನಂಗೆ ಹೊಳೆದೇ ಇರ್ಲಿಲ್ಲ. ಆ ಬಿರಡೆ ತೆಗೆದವರಿಗೊಂದು ಚಪ್ಪಾಳೆ ಹೊಡೀರಿ."

ವರ್ನಾ ಆ ಮುಖದಲ್ಲಿ ಕೊಂಕು ಹುಡುಕಿದಳು. ಇರಲಿಲ್ಲ. ಇದ್ದಿದ್ದರೆ ಎಷ್ಟೋ ವಾಸಿಯಿತ್ತು. ಮಕ್ಕಳು ಚಪ್ಪಾಳೆ ತಟ್ಟಿದರು, ಪ್ರಿನ್ಸಿಪಾಲರೂ ತಟ್ಟಿದರು. ವರ್ನಾ ಕೂಡ ತಟ್ಟಿದಳು, ಎಲ್ಲರೂ ನಿಲ್ಲಿಸಿದ ಮೇಲೂ ಒಂದೆರಡು ಸಲ.